ಬಲಗಡೆಯ ಸ್ಪೀಕರ್

"ಸತ್ತಿದೆ ಕಣೇ! ಹೊಸ ಸೆಟ್ ಹಾಕಿದ್ರೂ ಬಲಗಡೆ ಸ್ಪೀಕರ್ ಸತ್ತೇ ಇದೆ!" ಎಂದು ಕಿವಿ ಮೇಷ್ಟ್ರು ಡ್ಯಾಶ್‌ಬೋರ್ಡಿನ ತೂತಿನಲ್ಲಿ ಮೊಣಕೈವರೆಗೂ ಕೈ ತೂರಿಸಿಕೊಂಡು ಕೂಗಿದರು. ಬೆಳಗ್ಗೆ ತಿಂಡಿ ತಿಂದ ಕೈಯಲ್ಲೇ ಶುರು ಮಾಡಿದ ಕೆಲಸ, ಈಗ ಬಿಸಿಲು ನೆತ್ತಿಗೇರಿತ್ತು. ಪಕ್ಕದ ಸೀಟಿನಲ್ಲಿ ಹೆಂಡತಿ ಮಡಿಲ ತುಂಬ ಸ್ಕ್ರೂ ಇಟ್ಟುಕೊಂಡು ಕೂತಿದ್ದರು. "ನಂಗೆ ಎರಡೂ ಕಡೆ ಚೆನ್ನಾಗೇ ಕೇಳ್ತಿದೆಯಲ್ರೀ" ಎಂದರು.

"ನಿನ್ನ ಕಿವೀನೂ ನನ್ನ ಕಿವೀನೂ ಒಂದೇನಾ?"

ಒಂದೇ ಹೇಗಾದೀತು? ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕೆಟ್ಟ ಸೆಟ್ಟನ್ನು ಬಿಚ್ಚದೆಯೇ, ಬರೀ ಕೇಳಿ ರೋಗ ಹೇಳುತ್ತಾರೆಂದು ಜನ ಆ ಹೆಸರಿಟ್ಟಿದ್ದರು. ಅಂಗಡಿ ನಡೆಯುತ್ತಿದ್ದದ್ದೇ ಆ ಕಿವಿಯ ಮೇಲೆ. ಜಂಬವೂ ಅಷ್ಟೇ ಇತ್ತು ಬಿಡಿ. ಇಪ್ಪತ್ತೆರಡು ವರ್ಷದ ಕಾರಿನ ಹಳೆಯ ಸ್ಟೀರಿಯೋ ಬಲಗಡೆ ಗೊಣಗತೊಡಗಿದಾಗ ಹೊಸದನ್ನು ಆರಿಸಲು ಹೋದದ್ದು, ತಮ್ಮ ಕೈಕೆಳಗೆ ಕೆಲಸ ಕಲಿತ ಶಿಷ್ಯನ ಅಂಗಡಿಗೆ. ಪರದೆ ಇದ್ದದ್ದನ್ನು ತೋರಿಸಿದರೆ "ಕಾರು ಓಡಿಸೋದೋ, ಟೀವಿ ನೋಡೋದೋ?" ಎಂದರು. ಬೆರಳಲ್ಲಿ ಮುಟ್ಟುವಂಥದ್ದಕ್ಕೆ "ಸೌಂಡ್ ಜಾಸ್ತಿ ಮಾಡೋಕೆ ಗಾಜು ಒರೆಸ್ತಾ ಕೂರ್ಬೇಕಾ?" ಎಂದರು. ಏಳು ಸೆಟ್ಟಿಗೆ ಹೆಸರಿಟ್ಟ ಮೇಲೆ, ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದ, ತಿರುಗಿಸಲು ಎರಡು ನಾಬ್ ಇದ್ದ ಒಂದನ್ನು ಒಪ್ಪಿಕೊಂಡರು. "ನಾನೇ ಕೂರಿಸಿಕೊಡ್ತೀನಿ ಗುರುಗಳೇ" ಎಂದ ಶಿಷ್ಯನಿಗೆ, "ನಂಗೇ ಕಲಿಸೋಕೆ ಬರ್ತೀಯೇನಯ್ಯಾ?" ಎಂಬ ಮಂಗಳಾರತಿಯೂ ಆಯಿತು.

ಈಗ ನೋಡಿದರೆ ಹೀಗೆ. ಬಾಯಿಗೆ ದಿಂಬು ಒತ್ತಿದ ಹಾಗೆ ಬಲಗಡೆಯ ಹಾಡು ಹೊರಗೇ ಬಾರದು. ವೈರುಗಳನ್ನು ಅದಲುಬದಲು ಮಾಡಿದರು. ಎರಡೂ ಬಾಗಿಲಿನ ಒಳಹಲಗೆ ಬಿಚ್ಚಿ ಸ್ಪೀಕರುಗಳನ್ನೇ ಆ ಕಡೆಯದು ಈ ಕಡೆಗೆ ಹಾಕಿದರು. ಎಡಗಡೆ ಜೋರಾಗಿ ಹಾಡುತ್ತಿದ್ದದ್ದು ಬಲಗಡೆಗೆ ಬಂದದ್ದೇ ಬಾಯಿ ಮುಚ್ಚಿತು. ಮೇಷ್ಟ್ರ ಪಿತ್ತ ಕೆರಳಿತು. ಶಿಷ್ಯನಿಗೆ ಫೋನ್ ಮಾಡಿ, "ಗುರುವಿಗೇ ಟೋಪಿ ಹಾಕ್ತೀಯಾ? ಸಂಜೆ ಬರ್ತೀನಿ ತಾಳು. ನಿನ್ನ ಗಿರಾಕಿಗಳ ಮುಂದೇನೇ ಮಾನ ಹರಾಜು ಹಾಕ್ತೀನಿ" ಎಂದು ಗುಡುಗಿದರು. ಅವನು ಪಾಪ, "ಇನ್ನೊಂದ್ಸಲ ಕೇಳಿ ನೋಡಿ ಗುರುಗಳೇ" ಎಂದಷ್ಟೇ ಹೇಳಿದ.

ಹಿಂದಿನ ಸೀಟಿನಲ್ಲಿದ್ದ, ವೈರಿಗೆ ಸುತ್ತುವ ಟೇಪು ಎತ್ತಿಕೊಳ್ಳಲು ಅವರು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದರು. ತಿರುಗಿದ್ದೇ ತಡ, ಬಲಬಾಗಿಲಿನ ಸ್ಪೀಕರ್ ಗಂಟಲು ಬಿಚ್ಚಿತು!

"ಬಂತು! ಎಲ್ಲೋ ಲೂಸ್ ಕನೆಕ್ಷನ್ ಕಣೇ!" ಎಂದು ಮುಂದಕ್ಕೆ ತಿರುಗಿದರು. ಹೋಯಿತು. ಹಿಂದಕ್ಕೆ ತಿರುಗಿದರು. ಬಂತು, ಆದರೆ ಈಗ ಎಡಗಡೆಯದು ಸತ್ತಿತ್ತು. ಹೊಟ್ಟೆಯನ್ನು ಸ್ಟೇರಿಂಗಿಗೆ ಉಜ್ಜಿಕೊಂಡು ಆ ಕಡೆ ಈ ಕಡೆ ಅದೆಷ್ಟು ಸಲ ಹೊರಳಿದರೋ, ರಸ್ತೆಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ನೋಡಿದ.

"ಜಾಗ ಬದಲಾಯಿಸೋ ಚಟ ಇದಕ್ಕೂ ನಿನ್ನಿಂದ್ಲೇ ಅಂಟಿರ್ಬೇಕು!" ಎಂದು ಹೆಂಡತಿಯ ಮೇಲೆ ರೇಗಿದರು. ಆ ಸಿಟ್ಟು ಹಳೆಯದು. ಎರಡು ವರ್ಷದಿಂದ ಆಕೆಗೆ ಅದೇನು ಹುಚ್ಚು ಹಿಡಿದಿತ್ತೋ, ಮಂಚದಲ್ಲಿ ಮಗ್ಗುಲು ಬದಲಾಯಿಸಿದ್ದರು, ಊಟದ ಮೇಜಿನಲ್ಲಿ ಕುರ್ಚಿ ಬದಲಾಯಿಸಿದ್ದರು, ಸೋಫಾದಲ್ಲಂತೂ ಮೇಷ್ಟ್ರ ಮೂಲೆಯನ್ನೇ ಕಸಿದುಕೊಂಡಿದ್ದರು.

ಹೆಂಡತಿ ಸ್ಕ್ರೂಗಳನ್ನು ಡಬ್ಬಿಗೆ ಸುರಿದು, ಇಳಿದು, ಸುತ್ತಿಕೊಂಡು ಬಂದು ಮೇಷ್ಟ್ರ ಬದಿಯ ಬಾಗಿಲಲ್ಲಿ ನಿಂತರು. "ಸೆಟ್ ಆಫ್ ಮಾಡಿ. ಮುಂದೆ ನೋಡ್ತಾ ಸುಮ್ನೆ ಕೂತ್ಕೊಳ್ಳಿ" ಎಂದರು.

ಮೇಷ್ಟ್ರು ಕೂತರು. ಒಂದು ನಿಮಿಷವಾಯಿತು, ಎರಡಾಯಿತು. "ಏನೇ, ಹೀಗೇ ಎಷ್ಟೊತ್ತು ಕೂತಿರ್ಲಿ?" ಎಂದು ಬಲಕ್ಕೆ ತಿರುಗಿದರೆ ಹೆಂಡತಿಯ ಮುಖ ಅವರ ಕಿವಿಗೆ ಗೇಣು ದೂರದಲ್ಲಿತ್ತು. ತುಟಿಗಳು ಇನ್ನೂ ಅಲ್ಲಾಡುತ್ತಿದ್ದವು.

ಮೇಷ್ಟ್ರು "ಏನಂದೆ?" ಎಂದರು.

"ಒಂದು ಒಳ್ಳೇ ಮಾತು ಪಿಸುಗುಟ್ಟಿದ್ದೆ. ಹೋಯ್ತು ಬಿಡಿ."

ನಾಚಿಕೆ ಮೊದಲು ಬಂತೋ ಭಯ ಮೊದಲು ಬಂತೋ ಹೇಳಲಾಗದು. ಯಾರ್ಯಾರ ಒಳ್ಳೆಯ ಸೆಟ್ಟುಗಳನ್ನು ಕೆಟ್ಟಿವೆಯೆಂದು ಬಿಚ್ಚಿ ಹಾಕಿದೆನೋ! ನಾಳೆ ಅಂಗಡಿ ಬಾಗಿಲು ತೆಗೆಯುವುದು ಯಾವ ಮುಖ ಹೊತ್ತು? ಆಮೇಲೆ, ಪೋಸ್ಟ್‌ಮ್ಯಾನ್ ಕಣ್ಣಿಗೆ ತಾವು ಹೇಗೆ ಕಂಡಿರಬಹುದೆಂದು ನೆನೆದು, ಬೇಡವೆಂದರೂ ನಗು ಉಕ್ಕಿತು. ಶಿಷ್ಯನಿಗೆ ಫೋನ್ ಮಾಡಿದರು. ಫೋನನ್ನು ತಾವು ಯಾವತ್ತೋ ಬಲಗಿವಿಯಿಂದ ಎಡಗಿವಿಗೆ ದಾಟಿಸಿಕೊಂಡಿದ್ದೂ ಈಗಲೇ ಗಮನಕ್ಕೆ ಬಂತು.

"ತಪ್ಪಾಯ್ತು ಕಣಯ್ಯಾ, ನಿನ್ನ ಸೆಟ್ ಬಂಗಾರದಂಥದ್ದು. ಕೆಟ್ಟಿರೋ ಮಾಲು ನಿನ್ನ ಅಂಗಡೀದಲ್ಲ, ನಾನು ಹುಟ್ಟುವಾಗ್ಲೇ ತಂದಿದ್ದು" ಎಂದು ಫೋನ್ ಇಟ್ಟು, ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತರು. "ನಿಂಗೆ ಯಾವಾಗ್ಲಿಂದ ಗೊತ್ತಿತ್ತು?"

"ಎರಡು ವರ್ಷ ಆಯ್ತು."

"ಎರಡು ವರ್ಷ! ಒಂದು ಮಾತು ಹೇಳ್ಬಾರ್ದಿತ್ತಾ?"

"ನಾನಾದ್ರೆ ಎದ್ದು ನಿಮ್ಮ ಎಡಗಡೆಗೆ ಬಂದು ಕೂತ್ಕೊಂಡೆ" ಎಂದರು ಹೆಂಡತಿ, ಬಿಚ್ಚಿಟ್ಟ ಬಾಗಿಲನ್ನು ಸವರುತ್ತಾ. "ಪಾಪ, ಸ್ಪೀಕರ್‌ಗೆ ಬರೋಕಾಗುತ್ತಾ?"