ಒದೆಯದ ಬಂದೂಕು

"ಅದನ್ನ ಕೆಳಗಿಡೇ ನಡೀನ್. ಅಳಿಲು ಹೊಡೆಯೋ ಬಂದೂಕು ಅದು. ಇಡೀ ಮೊಂಟಾನಾ ನಗುತ್ತೆ!" ಅಣ್ಣ ರಾಯ್ಸ್ ಬಂದೂಕಿನಂಗಡಿಯ ಬಾಗಿಲಿನಿಂದಲೇ ಕೂಗಿದ.

ನಡೀನ್ ಕೆಳಗಿಡಲಿಲ್ಲ. ಹೋದ ವರ್ಷ ಅಣ್ಣನ ದೊಡ್ಡ ರೈಫಲ್ ಒಂದೇ ಈಡಿಗೆ ಅವಳನ್ನು ಅಂಗಾತ ಕೆಡವಿತ್ತು. ಬಲಭುಜ ಮೂರು ವಾರ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಆ ಕಥೆಯನ್ನು ರಾಯ್ಸ್ ಊರಿನ ಕಾಫಿ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಈಗ ಅವಳು ಬೀಳುವ ಸದ್ದನ್ನೂ ಜನ ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಅಪ್ಪ ಸಾಯುವಾಗ ಕುರಿಹಿಂಡನ್ನು ಮಗನಿಗೆ ಬಿಡದೆ ಮಗಳಿಗೆ ಬಿಟ್ಟಿದ್ದ. ಅದು ರಾಯ್ಸನಿಗೆ ಇನ್ನೂ ಗಂಟಲಲ್ಲಿ ಇಳಿದಿರಲಿಲ್ಲ. ಈ ವಸಂತದಲ್ಲಿ ಕಯೋಟಿ ನರಿಗಳು ಹನ್ನೊಂದು ಕುರಿಮರಿಗಳನ್ನು ಎತ್ತಿಕೊಂಡು ಹೋದದ್ದೇ ಅವನಿಗೆ ನೆಪವಾಯಿತು. ಈಡು ಹೊಡೆಯಲು ಬಾರದವಳಿಗೆ ಹಿಂಡು ಯಾಕೆ, ಶನಿವಾರ ಲಾರಿ ತರುತ್ತೇನೆ, ಎಲ್ಲವನ್ನೂ ನನ್ನ ದೊಡ್ಡಿಗೆ ಹೊಡೆದುಕೊಂಡು ಹೋಗುತ್ತೇನೆ ಎಂದಿದ್ದ. ನಡೀನ್ ಆಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಬಾಯಿ ಬಂದಿರಲಿಲ್ಲ.

"ನೀನು ಬಾಯ್ಮುಚ್ಚೋ ರಾಯ್ಸ್, ಕೊಳ್ಳೋಳು ಅವಳು," ಎಂದಳು ಅಂಗಡಿಯ ಒಡತಿ ಥೋರಾ. ಎಪ್ಪತ್ತು ದಾಟಿದ ಮುದುಕಿ; ಊರಿನ ಅರ್ಧ ಜನಕ್ಕೆ ಗುರಿ ಹಿಡಿಯಲು ಕಲಿಸಿದವಳು. ನಡೀನಳ ಕೈಲಿದ್ದ ರೈಫಲಿನ ಹಿಡಿಯನ್ನು ಅವಳ ಭುಜಕ್ಕೆ ಒತ್ತಿ ನೋಡಿದಳು. "ಟ್ರಿಗರಿನ ಸುತ್ತ ಇದೆಯಲ್ಲ ಈ ಕಬ್ಬಿಣದ ಬಳೆ, ಅದನ್ನ ಕೆಳಕ್ಕೆ ತಳ್ಳು, ಮೇಲಕ್ಕೆ ಎಳ್ಕೋ. ತೋಟಾ ಒಳಗೆ ಕೂತ್ಕೊಳ್ಳುತ್ತೆ. ಇದಕ್ಕೆ ಮೂವತ್ತೆಂಟರ ಅಳತೆಯ ಮೆತ್ತನೆ ತೋಟಾನೂ ಆಗುತ್ತೆ, ಕೈ ಪಳಗಿದ ಮೇಲೆ ಜೋರಿನದ್ದೂ ಹಾಕ್ಕೋಬಹುದು. ನೂರು ಹೆಜ್ಜೆಯೊಳಗಿನ ಕಯೋಟಿಗೆ ಧಾರಾಳ ಸಾಕು. ಮೈ ಸ್ವಲ್ಪ ಭಾರ ಇದೆ, ಅದಕ್ಕೇ ಭುಜಕ್ಕೆ ಒದೆಯಲ್ಲ. ಬಾ, ಹಿತ್ತಲಿಗೆ."

ಹಿತ್ತಲಿನ ಮಣ್ಣುದಿಬ್ಬದ ಮುಂದೆ ಐದು ಕಬ್ಬಿಣದ ತಟ್ಟೆಗಳು ತೂಗುತ್ತಿದ್ದವು. ಥೋರಾ ಮೂವರ ಕಿವಿಗೂ ಮುಚ್ಚಳ ಹಾಕಿಸಿ, ತಾನೇ ಬೆನ್ನು ತಿರುಗಿಸಿ ತೋಟಾ ತುಂಬಿ ಕೊಟ್ಟಳು. ಮೊದಲ ಈಡು ಮಣ್ಣಿಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಬಂದೂಕು ಬರೀ 'ಟಕ್' ಎಂದಿತು. ಆದರೂ ನಳಿಗೆ ಗಕ್ಕನೆ ನೆಲಕ್ಕೆ ಬಾಗಿತು, ನಡೀನಳ ಕಣ್ಣು ಮುಚ್ಚಿತ್ತು, ಭುಜ ಕುಗ್ಗಿತ್ತು.

"ಅದು ಮದ್ದಿಲ್ಲದ ತೋಟಾ. ನಾನೇ ಹಾಕಿದ್ದೆ," ಎಂದಳು ಥೋರಾ. "ಬಂದೂಕು ಒದೀಲಿಲ್ಲ, ನಿನ್ನ ಹೆದರಿಕೆ ಒದೀತು."

ರಾಯ್ಸ್ ತೊಡೆ ತಟ್ಟಿಕೊಂಡು ನಕ್ಕ. "ನೋಡಿದ್ಯಾ? ಖಾಲಿ ಬಂದೂಕಿಗೆ ಹೆದರ್ತಾಳೆ! ಶನಿವಾರ ಬೆಳಿಗ್ಗೆ ಆರಕ್ಕೇ ಬರ್ತೀನಿ ಕಣೇ."

ನಡೀನಳ ಮುಖಕ್ಕೆ ರಕ್ತ ನುಗ್ಗಿತು. ಅಳು ಬಂದರೂ ಬರಲಿ ಎಂದುಕೊಂಡಳು; ಬರಲಿಲ್ಲ. "ಇನ್ನೊಂದ್ಸಲ ತುಂಬು ಥೋರಾ. ಯಾವುದು ಖಾಲಿ ಅಂತ ಹೇಳ್ಬೇಡ."

ಮತ್ತೆ ತುಂಬಿದಳು, ಮತ್ತೆ, ಮತ್ತೆ. ಸಿಡಿದಾಗ ಯಾರೋ ಭುಜವನ್ನು ಅಂಗೈಯಿಂದ ಮೆಲ್ಲಗೆ ತಳ್ಳಿದಂತೆ, ಅಷ್ಟೇ. ಹತ್ತನೆಯ ಈಡಿನ ಹೊತ್ತಿಗೆ ಇದು ಒದೆಯುವುದಿಲ್ಲ ಎಂಬ ಮಾತು ಅವಳ ಮೈಗೆ ನಂಬಿಕೆಯಾಗತೊಡಗಿತು. ಇಪ್ಪತ್ತರ ಸುಮಾರಿಗೆ ಮೊದಲ ತಟ್ಟೆ 'ಠಣ್' ಎಂದಿತು. ಮುಂದಿನ ಈಡಿಗೆ ಬಂದೂಕು 'ಟಕ್' ಎಂದಾಗ ನಳಿಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಉಳಿದ ನಾಲ್ಕು ತಟ್ಟೆಗಳನ್ನೂ ಸಾಲಾಗಿ ಕುಣಿಸಿದಳು.

"ಹತ್ತಿರದಿಂದ ತಟ್ಟೆ ಹೊಡೆಯೋದೇನು ಮಹಾ," ಎಂದ ರಾಯ್ಸ್. ನಗು ಮಾತ್ರ ಅರ್ಧಕ್ಕೆ ನಿಂತಿತ್ತು.

ನಡೀನ್ ಕಿವಿಯ ಮುಚ್ಚಳ ಸರಿಸಿ ಅವನತ್ತ ತಿರುಗಿದಳು. "ಹಾಗಾದ್ರೆ ನಿನ್ನ ದೊಡ್ಡ ರೈಫಲ್ ತಗೊಂಡು ಬಾ. ಅದಕ್ಕೂ ಥೋರಾನೇ ತುಂಬಲಿ."

"ನಂಗ್ಯಾಕೆ ಪರೀಕ್ಷೆ? ಮೂವತ್ತೈದು ವರ್ಷದಿಂದ ಹೊಡೀತಿದ್ದೀನಿ."

"ಹೆದರ್ತೀಯಾ?"

ಆ ಮಾತಿಗೆ ಅವನು ಗಾಡಿಯತ್ತ ಹೋಗಲೇಬೇಕಾಯಿತು. ಥೋರಾ ತೋಟಾ ತುಂಬಿಕೊಟ್ಟ ರೈಫಲನ್ನು ಕಾಲಗಲಿಸಿ ನಿಂತು ಎತ್ತಿದ. ಮೊದಲ ಸಿಡಿತಕ್ಕೆ ದಿಬ್ಬದ ಮಣ್ಣು ಚಿಮ್ಮಿತು, ತಟ್ಟೆ ಸುಮ್ಮನಿತ್ತು. ಅದರ ಬಳೆಯನ್ನೂ ಎಳೆದು ಮತ್ತೆ ಗುರಿ ಹಿಡಿದ. 'ಟಕ್.' ನಳಿಗೆ ಒಂದು ಗೇಣು ಕೆಳಗೆ ಬಗ್ಗಿತು. ಅವನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಲ್ಲು ಕಚ್ಚಿಕೊಂಡಿದ್ದವು, ಬರದ ಒದೆತಕ್ಕೆ ಇಡೀ ಮೈ ಹಿಂದಕ್ಕೆ ಸೆಟೆದು ನಿಂತಿತ್ತು.

ಯಾರೂ ನಗಲಿಲ್ಲ. ನಡೀನಳಿಗೆ ನಗಬೇಕೆನಿಸಲೂ ಇಲ್ಲ. ಇಷ್ಟು ದೊಡ್ಡ ಆಳು ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ನಿಂತಿದ್ದನಲ್ಲ ಎಂದು ಅವಳು ಬೆರಗಾಗಿ ನೋಡುತ್ತಿದ್ದಳು.

ರಾಯ್ಸ್ ಬಂದೂಕು ಇಳಿಸಿದ. "ಎಷ್ಟು ದಿನದಿಂದ ನಾನು ಹೀಗೆ?" ಎಂದು ಮುದುಕಿಯನ್ನು ಕೇಳಿದ.

"ಹನ್ನೆರಡರ ಹುಡುಗನ ಕೈಗೆ ನಿಮ್ಮಪ್ಪ ಇದನ್ನ ಕೊಟ್ಟ ದಿನದಿಂದ. ಚಿಕ್ಕದು ಕೊಡೋ ಅಂದೆ. ಗಂಡುಮಗ, ತಡ್ಕೋತಾನೆ ಅಂದ."

ಅವನು ತಂಗಿಯ ಕೈಲಿದ್ದ ಪುಟ್ಟ ರೈಫಲನ್ನು ನೋಡಿದ. ದನಿ ತಗ್ಗಿಸಿ, "ಒಂದೇ ಒಂದ್ಸಲ, ಕೊಡೇ," ಎಂದು ಕೈ ಚಾಚಿದ.

ನಡೀನ್ ಬಳೆ ಎಳೆದು ಒಳಗೆ ತೋಟಾ ಇಲ್ಲವೆಂದು ನೋಡಿಕೊಂಡು, ರೈಫಲನ್ನು ತನ್ನ ತೋಳಿಗೆ ಒರಗಿಸಿಕೊಂಡಳು.

"ಒಳಗೆ ಸಾಲಾಗಿ ಇಟ್ಟಿದ್ದಾರೆ, ಹೋಗಿ ನಿನಗಾಗೋದು ಆರಿಸ್ಕೋ," ಎಂದಳು. "ಶನಿವಾರ ಇಲ್ಲೇ ಬಂದು ಕಲಿ, ಲಾರಿ ತರೋ ಕೆಲಸ ಹೇಗೂ ನಿನಗಿಲ್ಲ."