ಟೀವಿ ಅಕ್ಕಾರು ಹೇಳಿದ್ದು

ಬೂದಿ, ಹುಣಸೆಹಣ್ಣಿನ ವಾಸನೆ ಬಂದರೆ ನನಗೆ ಈಗಲೂ ತಾಂಬಾ ಊರಿನ ನಮ್ಮ ಪಡಸಾಲೆಯ ಟೀವಿ ನೆನಪಾಗುತ್ತದೆ.

ಅದರಲ್ಲಿ ಸಂಜೆ ಹೊತ್ತು ಒಬ್ಬ ನಿರೂಪಕಿ, ಮಡಿಕೆ ಕೆಡದ ಸೀರೆಯುಟ್ಟು, ಕಾಣೆಯಾದವರ ಹೆಸರುಗಳನ್ನು ಹಿಂದಿಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಹಿಂದಿ ತಿಳಿಯುತ್ತಿದ್ದುದು ಕಾನ್ವೆಂಟಿಗೆ ಹೋಗುತ್ತಿದ್ದ ನನಗೊಬ್ಬಳಿಗೇ. ಕುರಿ ಕಾಯುವ ಗಂಗವ್ವನ ಮಗಳು ನೀಲಿ, ನನ್ನದೇ ವಯಸ್ಸಿನವಳು, ಸೊಲ್ಲಾಪುರದ ಸಂತೆಯಲ್ಲಿ ಕಳೆದುಹೋಗಿದ್ದಳು. ಟೀವಿಯವರಿಗೆ ಕಾಗದ ಬರೆದಿದ್ದೇವೆ ಎಂದು ನಮ್ಮ ದೊಡ್ಡವ್ವ ಗಂಗವ್ವನಿಗೆ ಹೇಳಿದ್ದಳು. ಬರೆದಿರಲಿಲ್ಲ. ಅಂದಿನಿಂದ ಗಂಗವ್ವ ದಿನಾ ಸಂಜೆ ಬಂದು, ಕೂಲಿ ಕೇಳದೆ ಬೂದಿ, ಹುಣಸೆಹಣ್ಣು ಹಚ್ಚಿ ನಮ್ಮ ಭಾಂಡೆ-ಪಾತ್ರೆ ತಿಕ್ಕಿ, ಬೂದಿ ಮೆತ್ತಿದ ಕೈಯಲ್ಲೇ ಹೊಸ್ತಿಲಾಚೆ ಕೂರುತ್ತಿದ್ದಳು.

ಆ ಸಂಜೆ ಹೆಸರುಗಳು ಮುಗಿದವು.

"ಸಣ್ಣಕ್ಕಾರ, ನಮ್ಮ ನೀಲಿ ಹೆಸರ ಹೇಳಿದ್ರೇನ್ರಿ?" ಎಂದು ಗಂಗವ್ವ ನನ್ನನ್ನು ಕೇಳಿದಳು.

ಅಡಿಕೆ ಕತ್ತರಿಸುತ್ತಿದ್ದ ದೊಡ್ಡವ್ವ ನನ್ನ ಕಿವಿಯ ಬಳಿ ಬಾಗಿದಳು. "ನಾಳಿ ಹೇಳ್ತಾರಂತ ಅನ್ನು. ಇಲ್ಲಾಂದ್ರ ನಾಳಿ ಭಾಂಡಿ ನಿಮ್ಮವ್ವ ತಿಕ್ಕಬೇಕಾಗತೈತಿ."

"ನಾಳಿ ಹೇಳ್ತಾರಂತ," ಅಂದೆ.

ಗಂಗವ್ವ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಸಿನಿಮಾ ಹಾಡುಗಳು ಶುರುವಾಗುವುದರಲ್ಲಿದ್ದವು; ಅವಳ ಅಳುವಿನಲ್ಲಿ ಒಂದೂ ಕೇಳುವಂತಿರಲಿಲ್ಲ.

"ಅಳಬ್ಯಾಡ," ಅಂದೆ, ಯಾರೂ ಹೇಳಿಕೊಡದೆ. "ಅತ್ತವರ ಮಕ್ಕಳ ಹೆಸರು ಓದೂದಿಲ್ಲಂತ ಟೀವಿ ಅಕ್ಕಾರು ಹೇಳ್ಯಾರ."

"ಭಾಳ ಶಾಣ್ಯಾಕಿ ನೋಡ ನೀ!" ಎಂದು ದೊಡ್ಡವ್ವ ನನ್ನ ಬೆನ್ನು ತಟ್ಟಿದಳು.

ಗಂಗವ್ವ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಆ ಅಕ್ಕಾರಿಗೆ ಕಾಣಲೆಂದು ಟೀವಿಯ ಕಡೆ ಮುಖವೆತ್ತಿ ನಗತೊಡಗಿದಳು. ಹಾಡುಗಳೆಲ್ಲ ಮುಗಿಯುವವರೆಗೂ ನಗುತ್ತಲೇ ಕೂತಿದ್ದಳು.