ನಲವತ್ತು ಡಬ್ಬಿ

ಮೂವತ್ತೊಂಬತ್ತನೆಯ ಚೀಟಿಯೂ ನೀಲಿಯಾಯಿತು. ಲ್ಯಾಬ್ ಟೆಕ್ನಿಷಿಯನ್ ನಲವತ್ತನೆಯ ಡಬ್ಬಿಯ ಮುಚ್ಚಳ ತೆರೆದಳು. ಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ಚೀಟಿಗೆ ಸವರಿ, ಮೇಲೆ ಎರಡು ಹನಿ ದ್ರಾವಣ ಬಿಟ್ಟು ಅರೆನಿಮಿಷ ಕಾದಳು. ಅದೂ ನೀಲಿ.

ನೀಲಿ ಎಂದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆ ಎಂದರ್ಥ. ನಲವತ್ತರಲ್ಲಿ ಒಂದೋ ಎರಡೋ ಹಾಗಿದ್ದರೆ ಸರಿ. ನಲವತ್ತಕ್ಕೆ ನಲವತ್ತೂ ಅಂದರೇನು? ದ್ರಾವಣವೇ ಕೆಟ್ಟಿರಬೇಕೆಂದುಕೊಂಡು, ವಾರ್ಡಿನಿಂದ ಬಂದಿದ್ದ ಬೇರೆ ಐದು ಡಬ್ಬಿಗಳನ್ನು ಅದರಲ್ಲೇ ಪರೀಕ್ಷಿಸಿದಳು. ಐದು ಚೀಟಿಗಳೂ ಬೆಳ್ಳಗೇ ಉಳಿದವು. ದ್ರಾವಣ ಕೆಟ್ಟಿರಲಿಲ್ಲ.

ನಲವತ್ತು ಡಬ್ಬಿಗಳನ್ನು ತಂದವನು ಆನರ್ಸ್ ಸಂಶೋಧನಾ ಕಾರ್ಯಕ್ರಮದ ವಿದ್ಯಾರ್ಥಿ. ಇಡೀ ಮೆಡಿಕಲ್ ಕಾಲೇಜಿನಿಂದ ಆರೇ ಆರು ಜನರನ್ನು ಆರಿಸುತ್ತಾರೆ. ಆರಿಸಿಕೊಂಡ ಮೇಲೆ ಅವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಲ್ಯಾಬಿನವರು ಇವನಿಗೆ ‘ದೊರೆ’ ಎಂದು ಹೆಸರಿಟ್ಟಿದ್ದರು. ದೊರೆಯ ಸಂಶೋಧನೆ ಬಸ್ ಡಿಪೋದ ನಲವತ್ತು ಡ್ರೈವರುಗಳ ಹೊಟ್ಟೆಯ ಬಗ್ಗೆ.

ಅವನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಡಬ್ಬಿಗಳ ಪೆಟ್ಟಿಗೆಯನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಬಂದಿದ್ದ, ಮುಖಕ್ಕೆ ಎರಡೆರಡು ಮಾಸ್ಕ್ ಬೇರೆ. ಚಹಾ ಕೊಟ್ಟರೆ ಕುಡಿಯುವುದಿಲ್ಲ, ಬಿಸ್ಕತ್ತು ಕೊಟ್ಟರೆ ಮುಟ್ಟುವುದಿಲ್ಲ. ಮಾತಿನ ನಡುವೆಯೇ ಮುಖ ಸಿಂಡರಿಸಿಕೊಂಡು ಎದ್ದು ಹೊರಗೆ ಓಡುತ್ತಾನೆ. “ಓದಿನ ಭಾರಕ್ಕೆ ಅರ್ಧ ಇಳಿದುಹೋಗಿದೆ, ಪಾಪದ್ದು” ಎಂದು ಆಯಾ ಮರುಗಿದಾಗ ಅವಳು, “ಓದೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಲ್ಯಾಬಿನ ವಾಸನೆಗೆ ದೊರೆಗೆ ಊಟ ಸೇರ್ತಿಲ್ಲ” ಎಂದಿದ್ದಳು.

ಹತ್ತೊಂಬತ್ತು ವರ್ಷದಿಂದ ಊರಿನವರ ಹೇಲು ನೋಡಿಕೊಂಡು ಬಂದವಳು. ಅದರಿಂದ ಅವಳಿಗೆ ಹೇಸಿಗೆಯಾಗುವುದು ಎಂದೋ ನಿಂತಿತ್ತು. ಈಗ ಹೇಸಿಗೆಯಾದದ್ದು ನಲವತ್ತೂ ಡಬ್ಬಿಗಳನ್ನು ಸಾಲಾಗಿಟ್ಟು ಮತ್ತೊಮ್ಮೆ ದಿಟ್ಟಿಸಿದಾಗ. ಒಂದೇ ಬಣ್ಣ, ಒಂದೇ ಹದ. ನಲವತ್ತರಲ್ಲೂ ಅರಗದೆ ಉಳಿದ ಮುಸುಕಿನ ಜೋಳದ ಸಿಪ್ಪೆ. ನಲವತ್ತು ಡ್ರೈವರುಗಳು ಒಂದೇ ಸಂಜೆ ಸಾಲಾಗಿ ಕೂತು ಜೋಳ ಕಡಿದರೋ?

ಡಿಪೋದ ಮ್ಯಾನೇಜರಿಗೆ ಫೋನ್ ಮಾಡಿದಳು.

“ಯಾವ ಡಬ್ಬಿ? ಯಾವ ಡಾಕ್ಟ್ರು?” ಎಂದ ಆತ. “ಇಂಥದ್ದನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರೆ ನಮ್ಮ ಡ್ರೈವರುಗಳು ಇನ್ನೂ ನಗ್ತಾ ಇರೋರಮ್ಮಾ!”

ಥೂ! ಡಿಪೋದ ಕಡೆ ತಲೆ ಹಾಕದವನು ಒಬ್ಬರದ್ದನ್ನೇ ತಂದು ನಲವತ್ತು ಪಾಲು ಮಾಡಿದ್ದ. ಆ ಒಬ್ಬರು ಯಾರು? ದೊರೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಯಾರೋ ಬಡಪಾಯಿ ಇರಬೇಕು. ತನ್ನ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದು ಅವನಿಗೆ ಗೊತ್ತೇ ಇರಲಿಕ್ಕಿಲ್ಲ.

ಮಧ್ಯಾಹ್ನ ದೊರೆಯ ಸಂಶೋಧನೆಗೆ ಮಾರ್ಗದರ್ಶಕರಾದ ಪ್ರೊಫೆಸರು ಬಾಗಿಲಲ್ಲಿ ಇಣುಕಿದರು. “ನಲವತ್ತೂ ಪಾಸಿಟಿವ್ ಅಂತೆ? ಭೇಷ್! ಸಮ್ಮೇಳನದಲ್ಲಿ ಎಲ್ಲರೂ ಮೂಗಿನ ಮೇಲೆ ಬೆರಳಿಡಬೇಕು!” ಎಂದು ಕೈ ಉಜ್ಜಿಕೊಂಡು ಹೊರಟೇಹೋದರು. ರೋಗಿಗಳ ಬಗ್ಗೆ ಒಂದು ಮಾತೂ ಇಲ್ಲ. ಗುರುವಿಗೆ ತಕ್ಕ ಶಿಷ್ಯ ಎಂದುಕೊಂಡಳು.

ನಾಲ್ಕು ಗಂಟೆಗೆ ದೊರೆ ಬಂದ. ಅವಳು ಫಲಿತಾಂಶದ ಹಾಳೆಯನ್ನು ಅವನ ಮುಂದೆ ತಳ್ಳಿದಳು. ಮೊದಲ ಸಾಲು ಓದಿದ, ಎರಡನೆಯದು ಓದಿದ, ಆಮೇಲೆ ಬೆರಳಿಟ್ಟು ಕೊನೆಯವರೆಗೂ ಇಳಿದ. ಮಾಸ್ಕಿನ ಮೇಲೆ ಕಂಡಷ್ಟು ಮುಖ ಬಿಳಚಿಕೊಂಡಿತು. ಸಿಕ್ಕಿಬಿದ್ದ ಕಳ್ಳನ ಮುಖ ಇನ್ನು ಹೇಗಿದ್ದೀತು?

“ಎಲ್ಲವೂನಾ?”

“ಎಲ್ಲವೂ. ಎರಡೆರಡು ಸಲ ನೋಡಿದೀನಿ.”

“ಏನಾದ್ರೂ ತಪ್ಪಾಗಿರಬಹುದಾ, ಮೇಡಂ?”

“ತಪ್ಪಾಗಿದೆ. ನನ್ನಿಂದ ಅಲ್ಲ. ಡಿಪೋಗೆ ಫೋನ್ ಮಾಡಿದ್ದೆ.”

ಅವನು ತಲೆ ತಗ್ಗಿಸಿದ.

“ನಿನ್ನ ಸುಳ್ಳು ಸಂಶೋಧನೆ ಕಟ್ಕೊಂಡು ನನಗೇನೂ ಆಗಬೇಕಿಲ್ಲ. ಅದನ್ನ ಮೇಲಿನೋರು ನೋಡ್ಕೊಳ್ಳಲಿ. ಆ ಮನುಷ್ಯ ಯಾರು, ಅಷ್ಟು ಹೇಳು. ಹಾಸ್ಟೆಲಲ್ಲಿ ಕಸ ಗುಡಿಸೋನಾ? ವಾಚ್‌ಮನ್ನಾ?”

“ಹೇಳಿದ್ರೆ ನನ್ನ ಸೀಟು ಹೋಗತ್ತೆ, ಮೇಡಂ.”

“ಸೀಟಂತೆ, ಸೀಟು! ಅಲ್ಲೊಬ್ಬನ ಜೀವ ಸೋರಿಹೋಗ್ತಿದೆ. ಹುಣ್ಣಿರಬಹುದು, ಗಡ್ಡೆ ಇರಬಹುದು. ನಾಲ್ಕನೇ ವರ್ಷ ಓದ್ತಿರೋ ನಿನಗೆ ನಾನು ಹೇಳಿಕೊಡಬೇಕಾ? ತಡ ಮಾಡಿ ಬಂದೋರ ರಿಪೋರ್ಟ್ ಬರೆದು ಬರೆದು ನನಗೆ ಸಾಕಾಗಿದೆ.”

“ಈಗ ಬಂದ್ರೆ... ಉಳೀತಾನಾ?”

ಆ ಪ್ರಶ್ನೆಗೆ ಅವಳ ಪಿತ್ತ ನೆತ್ತಿಗೇರಿತು. “ಈಗ ಬಂತಾ ಕನಿಕರ? ಡಬ್ಬಿ ತುಂಬಿಸೋವಾಗ ಎಲ್ಲಿ ಹೋಗಿತ್ತು? ಥೂ, ನಿನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!”

ಅವನು ಮಾಸ್ಕ್ ತೆಗೆದು ಜೇಬಿಗಿಟ್ಟುಕೊಂಡು ಸ್ಟೂಲಿನ ಮೇಲೆ ಕುಸಿದು ಕುಳಿತ. ಅವಳು ಹೊಟ್ಟೆಯ ತಜ್ಞರಿಗೆ ಕಳಿಸುವ ಚೀಟಿಯನ್ನೂ ಪೆನ್ನನ್ನೂ ಮೇಜಿನ ಮೇಲೆ ಕುಕ್ಕಿದಳು.

“ಹೆಸರು, ವಯಸ್ಸು ಬರಿ. ಡಾಕ್ಟರು ಇನ್ನೂ ಒಂದು ಗಂಟೆ ಇರ್ತಾರೆ. ಅವನೆಲ್ಲೇ ಇರಲಿ, ಕೈ ಹಿಡಿದು ಕರ್ಕೊಂಡು ಬರೋ ಕೆಲಸ ನಂದು.”

ಹೆಸರಿನ ಜಾಗ ಖಾಲಿ ಬಿಟ್ಟು ಅವನು ವಯಸ್ಸು ಬರೆದ. ಇಪ್ಪತ್ತೆರಡು.

“ಅಯ್ಯೋ, ಇಷ್ಟು ಚಿಕ್ಕವನಾ!” ಅವಳು ಎದ್ದೇಬಿಟ್ಟಳು. “ಎಲ್ಲಿದಾನೆ ಹೇಳು, ಈಗಲೇ ಕರ್ಕೊಂಡು ಬರ್ತೀನಿ.”

“ಎಲ್ಲಿಗೂ ಹೋಗೋದು ಬೇಡ ಮೇಡಂ,” ಎಂದ ದೊರೆ. “ನಾನೇ ಬಂದಿದೀನಲ್ಲ.”